ಅಕ್ಕೋರಿಗೆ ಗೊತ್ತಿದ್ದದ್ದು

ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದರೆ ಸಾಕು, ಅಕ್ಕೋರ ಬಲಗಾಲಿನ ಹೆಬ್ಬೆರಳು ಕುಣಿಯಲು ಶುರುಮಾಡುತ್ತಿತ್ತು. ತುಟಿಯಲ್ಲಿ ಪರಲೋಕದ ತಂದೆ, ಕೆಳಗೆ ಜಮಖಾನೆಯ ಮೇಲೆ ಈ ಬೆರಳು ತಟತಟ, ತಟತಟ. ನಾನು ಒಂದು ಕಣ್ಣು ತೆರೆದು ಅದನ್ನೇ ನೋಡುತ್ತ ಕೂಡುತ್ತಿದ್ದೆ. ಇವರಿಗೂ ನನ್ನ ಹಾಗೆ ಒಂದು ಕಡೆ ಕೂಡಲು ಆಗುವುದಿಲ್ಲವಲ್ಲ ಎಂದು ಒಳಗೊಳಗೇ ಖುಷಿ.

ಅಕ್ಕೋರು ಬಸವಕಲ್ಯಾಣದ ನಮ್ಮ ಸಣ್ಣ ಚರ್ಚಿನಲ್ಲಿ ಸಂಡೇ ಸ್ಕೂಲ್ ಕಲಿಸುತ್ತಿದ್ದವರು. ಇರುತ್ತಿದ್ದದ್ದು ಹುಮನಾಬಾದಿನಲ್ಲಿ. ಕನ್ನಡ ಶಾಲೆಯ ಕೆಲಸದಿಂದ ನಿವೃತ್ತರಾಗಿದ್ದರು, ಮದುವೆಯಾಗಿರಲಿಲ್ಲ. ಭಾನುವಾರ ಆರಾಧನೆಗೆ, ಬುಧವಾರ ಸಂಜೆ ಮನೆಪ್ರಾರ್ಥನೆಗೆ ಬಸ್ಸು ಹಿಡಿದು ಬರುತ್ತಿದ್ದರು. ಹೆದ್ದಾರಿಯ ಬಂಗ್ಲಾ ಕ್ರಾಸಿನಲ್ಲಿ ಇಳಿದ ಮೇಲೆ ಊರೊಳಗೆ ಬರುವ ಟಂಟಂ ಆಟೋ ತುಂಬುವವರೆಗೆ ಕಾಯುವ ತಾಳ್ಮೆ ಅವರಿಗಿರಲಿಲ್ಲ. ಎಷ್ಟೋ ಸಲ ಅರ್ಧ ದಾರಿ ನಡೆದೇ ಬಂದು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, ತಡವಾಯಿತೆಂದು ನಮ್ಮನ್ನೇ ಬೈಯುತ್ತಿದ್ದರು.

ಆಗ ಅಣ್ಣ ಮನೆ ಬಿಟ್ಟು ವರ್ಷ ದಾಟಿತ್ತು. ಅವನು ಪೊಲೀಸ್ ಭರ್ತಿಯ ಪರೀಕ್ಷೆ ಬರೆದಿದ್ದ. ಚರ್ಚಿನ ಸಭೆಗೆ ಹಿರಿಯನಾದ ಅಪ್ಪ ಮೂರು ದಿನ ಉಪವಾಸ ಪ್ರಾರ್ಥನೆ ನಡೆಸಿದ. ಅಣ್ಣ ಫೇಲಾದ. ದೇವರಿಗೆ ಎಲ್ಲಾ ಗೊತ್ತಿದ್ದರೆ ನಾನು ಫೇಲಾಗುವುದೂ ಮೊದಲೇ ಗೊತ್ತಿತ್ತಲ್ಲ, ಮತ್ತೆ ನಿನ್ನ ಉಪವಾಸ ಯಾವ ಕೆಲಸಕ್ಕೆ ಎಂದು ಅಪ್ಪನನ್ನು ಚರ್ಚಿನ ಅಂಗಳದಲ್ಲಿ ಎಲ್ಲರೆದುರು ಕೇಳಿಬಿಟ್ಟ. ಅಪ್ಪ ಚಪ್ಪಲಿ ತೆಗೆದುಕೊಂಡು ಹೊಡೆದ, ಅದೂ ಎಲ್ಲರೆದುರು. ಅವತ್ತು ಹೋದವನ ಫೋನೂ ಇಲ್ಲ, ಸುದ್ದಿಯೂ ಇಲ್ಲ.

ನಮ್ಮಲ್ಲಿ ಪ್ರಾರ್ಥನಾ ಚೀಟಿಯ ಪದ್ಧತಿ ಇದೆ. ಅವರವರ ಬೇಡಿಕೆ ಬರೆದು ಕೊಟ್ಟರೆ ಮನೆಪ್ರಾರ್ಥನೆ ನಡೆಸುವವರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಆಮೆನ್ ಅನ್ನುತ್ತಾರೆ. ಅವ್ವನಿಗೆ ಬರೆಯಲು ಬಾರದು. ‘ನನ್ನ ಮಗ ಸಿಗಲಿ’ ಎಂದು ಪ್ರತಿ ಬುಧವಾರ ನಾನೇ ಬರೆದುಕೊಡುತ್ತಿದ್ದೆ. ಅಕ್ಕೋರು ಎಲ್ಲರ ಚೀಟಿ ಓದಿ, ನಮ್ಮದು ಬಂದಾಗ ಮಾತ್ರ ಮಡಚಿ ಬೈಬಲ್ಲಿನೊಳಗೆ ಇಟ್ಟು, “ಅಂವಾ ಚೆಂದ ಇದ್ದಾನ, ಫಿಕರ್ ಮಾಡಬ್ಯಾಡ್ರಿ” ಅನ್ನುತ್ತಿದ್ದರು. ಅವ್ವ ಗಳಗಳ ಅಳುತ್ತಿದ್ದಳು. ಪವಿತ್ರಾತ್ಮನೇ ಅಕ್ಕೋರಿಗೆ ತಿಳಿಸುತ್ತಾನೆ ಎಂದು ಆಕೆ ಓಣಿಯಲ್ಲೆಲ್ಲ ಹೇಳಿದಳು. ಅದು ಹುಲಸೂರಿನವರೆಗೂ ಹೋಯಿತು. ಕಳೆದ ಎಮ್ಮೆ, ನಿಂತ ಮದುವೆ ಎಂದು ಜನ ಬರತೊಡಗಿದರು. ಅಕ್ಕೋರು ನನಗೇನೂ ಗೊತ್ತಿಲ್ಲ ಎಂದಷ್ಟೂ ಜನ ಎಂಥ ವಿನಯ ಎಂದು ಕೈಮುಗಿದರು.

ಅದೇ ದಿನಗಳಲ್ಲಿ ನಮಗೆ ತ್ರಿಯೇಕ ದೇವರ, ಅಂದರೆ ಮೂವರಾಗಿದ್ದೂ ಒಂದೇ ಆದ ದೇವರ, ಪಾಠ ನಡೆದಿತ್ತು. ಪಾಸ್ಟರು ಅದನ್ನು ಒಂದೇ ನೀರು ಮಂಜುಗಡ್ಡೆಯೂ ಹಬೆಯೂ ಆಗುವ ಹಾಗೆ ಎಂದು ತಿಳಿಸಿದರೆ ಅಕ್ಕೋರಿಗೆ ಮೈಯೆಲ್ಲ ಉರಿಯುತ್ತಿತ್ತು. ಖಾಲಿ ಜಾಗದಲ್ಲಿ ಓಡಾಡುತ್ತ ಹೇಳಿದರು: “ತಂದೆ, ಮಗ, ಪವಿತ್ರಾತ್ಮ ಮೂವರು. ಆದ್ರ ಅರಿವು ಒಂದ. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ ಅನ್ನಂಗಿಲ್ಲ. ಅವರೊಳಗ ಮುಚ್ಚುಮರಿ ಇಲ್ಲ.”

ನಾನು ಬಿಡುವವಳೇ? ಹಾಗಿದ್ದರೆ ಕಡೆಯ ದಿನ ಯಾವಾಗ ಎಂಬುದು ತಂದೆಗೆ ಮಾತ್ರ ಗೊತ್ತು, ಮಗನಿಗೂ ಗೊತ್ತಿಲ್ಲ ಎಂದು ಯೇಸುವೇ ಯಾಕೆ ಹೇಳಿದ ಎಂದು ಕೇಳಿದೆ. ಅಕ್ಕೋರು ಒಂದು ವಾರ ಸಮಯ ಕೇಳಿದರು. ಮರುವಾರ ಬಂದು, ದೇವರಾಗಿ ಮಗನಿಗೆ ಎಲ್ಲವೂ ಗೊತ್ತು, ಮನುಷ್ಯನಾಗಿ ಬಂದಾಗ ಆ ಗಳಿಗೆಯನ್ನು ಹೇಳುವ ಕೆಲಸ ಆತನಿಗೆ ಒಪ್ಪಿಸಿರಲಿಲ್ಲ ಎಂದು ಕೆಲವು ಹಿರಿಯರು ವಿವರಿಸುತ್ತಾರೆ ಅಂದರು. ನನಗೆ ಸಮಾಧಾನವಾಗಲಿಲ್ಲ. ಗೊತ್ತಿದ್ದೂ ಹೇಳದಿರುವುದು ಅದೆಂಥ ಪ್ರೀತಿ ಎಂದೆ. ಅಕ್ಕೋರು ನನ್ನನ್ನೇ ನೋಡಿದರು. “ಹೇಳದ ಇರೋದು ಎಷ್ಟು ಹೈರಾಣ ಅಂತ ನಿನಗೇನು ಗೊತ್ತವ್ವಾ” ಎಂದು ಪುಸ್ತಕ ಮುಚ್ಚಿ, ಗಂಟೆಗೆ ಮೊದಲೇ ತರಗತಿ ಬಿಟ್ಟರು.

ಆಮೇಲೊಂದು ಬುಧವಾರ, ನಮ್ಮ ಮನೆಯಲ್ಲೇ ಪ್ರಾರ್ಥನೆ. ಮಂಠಾಳದ ಹೆಂಗಸೊಬ್ಬಳು ಬಂದಿದ್ದಳು. ಕಬ್ಬು ಕಡಿಯಲು ಹೋದ ಗಂಡ ಆರು ತಿಂಗಳಿಂದ ಪತ್ತೆಯಿಲ್ಲ. ಬದುಕಿದ್ದಾನೋ ಇಲ್ಲವೋ ಅಷ್ಟು ಹೇಳಿ ಎಂದು ಅಕ್ಕೋರ ಕಾಲಿಗೆ ಬಿದ್ದಳು. ಅಕ್ಕೋರು ಕೆಂಡ ತುಳಿದಂತೆ ಕಾಲು ಹಿಂದೆಳೆದುಕೊಂಡು ಎದ್ದು ನಿಂತರು.

“ನನಗ ಯಾವ ದರ್ಶನನೂ ಆಗಿಲ್ಲ. ಈ ಮನಿ ಮಗ ನನಗ ಫೋನ್ ಮಾಡ್ತಾನ. ಪುಣೆದಾಗ ಇದ್ದಾನ. ಮನ್ಯಾಗ ಹೇಳಿದ್ರ ನನಗೂ ಫೋನ್ ಮಾಡಂಗಿಲ್ಲ ಅಂತ ಆಣಿ ಹಾಕಿದ್ದ. ಆ ಹುಡುಗನ್ನ ಪೂರಾ ಕಳಕೊಂಡೇವು ಅಂತ ಹೆದರಿ ಸುಮ್ಮನಿದ್ದೆ. ನೀವು ಅದನ್ನ ಪವಿತ್ರಾತ್ಮನ ಮಾತು ಅಂತ ತಿಳಿದ್ರಿ. ನಾ ನಿಜ ಹೇಳಿ ತಿದ್ದಲಿಲ್ಲ. ಅದು ನನ್ನ ಪಾಪ.”

ಬಾಗಿಲಲ್ಲಿ ನಿಂತಿದ್ದ ಅಪ್ಪ ಅಲ್ಲೇ ಹೊಸ್ತಿಲ ಮೇಲೆ ಕೂತ. ನನಗೆ ತಲೆ ಕೆಟ್ಟುಹೋಯಿತು. ಒಂದೂವರೆ ವರ್ಷ ನಮ್ಮವ್ವ ಅಳುವುದನ್ನು ನೋಡುತ್ತ ಕೂತಿದ್ದಿರಲ್ಲ ಎಂದು ಕಿರುಚಿ, “ನೀವೇನು ದೇವರೇನ್ರಿ?” ಎಂದು ಕೇಳಿದೆ.

“ಅಲ್ಲವ್ವಾ. ದೇವರಾಗಿದ್ರ ಅಂವಾ ಯಾವಾಗ ಬರ್ತಾನ ಅನ್ನೋದೂ ಗೊತ್ತಿರ್ತಿತ್ತು. ನನಗ ಎಲ್ಲಿದ್ದಾನ ಅನ್ನೋದಷ್ಟ ಗೊತ್ತಿತ್ತು.”

ಹಾಗೆಂದು ನಂಬರು ಒತ್ತಿ ಫೋನನ್ನು ಅವ್ವನ ಕೈಗೆ ಕೊಟ್ಟರು. ಅವ್ವ ಮಾತಾಡುವ ಮೊದಲೇ ಆ ಕಡೆಯಿಂದ ಅಣ್ಣನ ದನಿ ನಮಗೆಲ್ಲ ಕೇಳಿಸಿತು: “ಅಕ್ಕೋರ, ಅವ್ವ ಹ್ಯಾಂಗಿದ್ದಾಳ್ರಿ?”

ಅಣ್ಣ ಆಣೆಯಂತೆ ಫೋನು ನಿಲ್ಲಿಸಲಿಲ್ಲ. ಕ್ರಿಸ್ಮಸ್ಸಿಗೆ ಬಂದ. ಅಪ್ಪ ಬಸ್ ಸ್ಟ್ಯಾಂಡಿಗೆ ಹೋಗಿ ಅವನ ಬ್ಯಾಗು ಹೊತ್ತುಕೊಂಡು ಮುಂದೆ ನಡೆದ. ಮಂಠಾಳದ ಹೆಂಗಸನ್ನು ಅಕ್ಕೋರು ಮರುದಿನವೇ ಠಾಣೆಗೆ ಕರೆದುಕೊಂಡು ಹೋಗಿ ದೂರು ಬರೆಸಿದ್ದರು. ಆದರೆ ಸಭೆಯವರು ಅಕ್ಕೋರನ್ನು ಕ್ಷಮಿಸಲಿಲ್ಲ. ಚೀಟಿ ಓದುವುದು ಬೇರೆಯವರ ಪಾಲಾಯಿತು, ತರಗತಿಯೂ ಹೋಯಿತು. ಆದರೂ ಪ್ರತಿ ಭಾನುವಾರ ಹುಮನಾಬಾದಿನಿಂದ ಬಂದು ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದರು. ಅವ್ವ ಅವರಿಗಾಗಿ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು. ಮಗನನ್ನು ಹೆತ್ತವಳೇ ಮರೆತದ್ದನ್ನು ನಾನು ಮರೆಯಲಿಲ್ಲ. ಅಂಗಳದಲ್ಲಿ ಅಕ್ಕೋರು ಕೈ ಮುಂದೆ ಮಾಡಿದರೆ ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದೆ. ಹೀಗೆ ಎಂಟು ತಿಂಗಳು. ಒಳಗೊಳಗೇ ಸಿಟ್ಟು ಕರಗಿ, ತಪ್ಪಾಯಿತು ಅನ್ನಬೇಕು ಅನ್ನಿಸುತ್ತಿತ್ತು. ಬರುವ ಭಾನುವಾರ ಅಂದುಕೊಳ್ಳುತ್ತಿದ್ದೆ.

ಒಂದು ಶನಿವಾರ ಎದೆನೋವು ಬಂದು ಅಕ್ಕೋರು ಹೋಗಿಬಿಟ್ಟರು. ಹುಮನಾಬಾದಿನಲ್ಲಿ ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅಣ್ಣನೂ ಇದ್ದ. ನಾನು ಮಣ್ಣು ಹಾಕಿ ಬಂದೆ. ನಿನ್ನ ಪಶ್ಚಾತ್ತಾಪ ದೇವರಿಗೆ ಗೊತ್ತು, ಸಮಾಧಾನ ತಂದುಕೋ ಎಂದು ಪಾಸ್ಟರು ಹೇಳುತ್ತಾರೆ. ದೇವರಿಗೆ ಗೊತ್ತಿದೆ, ನಾನೂ ನಂಬುತ್ತೇನೆ. ಆದರೆ ನನಗೆ ಅಷ್ಟು ಸಾಲದು. ಅಕ್ಕೋರಿಗೆ ಗೊತ್ತಾಗಬೇಕಿತ್ತು, ಅದನ್ನು ನಾನೇ ಬಾಯಿಬಿಟ್ಟು ಹೇಳಬೇಕಿತ್ತು.