ಹಿತ್ತಿಲಿನ ಎರಡು ಅಣಬೆ

ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದವಳು ನಾನೇ. ಎರಡೂ ಅರ್ಥದಲ್ಲಿ.

ಹೇಳ್ತೇನೆ, ಕೇಳಿ. ಕಳೆದ ತಿಂಗಳ ಒಂದು ಶನಿವಾರ ಶೆಟಗೇರಿಯ ಶಾಲೆ ಮುಗಿಸಿ ಬರುವಾಗ ಅಂಕೋಲೆ ಪೇಟೆಯಲ್ಲಿ ಹೊನ್ನಕ್ಕನ ಹತ್ತಿರ ಅಣಬೆ ತಗೊಂಡೆ. ಹೊನ್ನಕ್ಕ ಹಿಲ್ಲೂರಿನವಳು. ವರ್ಷವೆಲ್ಲ ಕೂಲಿ ಕೆಲಸ. ಮಳೆಗಾಲದ ಕೆಲವು ವಾರ ಮಾತ್ರ ಹುತ್ತದ ಅಣಬೆ ಕಿತ್ತು, ಎಲೆಯಲ್ಲಿ ಕಟ್ಟಿ ಪೇಟೆಗೆ ತರುತ್ತಾಳೆ. ಎಷ್ಟೋ ವರ್ಷಗಳಿಂದ ಅವಳ ಅಣಬೆಯೇ ನಮ್ಮ ಮನೆಗೆ. ಒಂದು ಸಲವೂ ಹೊಟ್ಟೆ ನೋಯಲಿಲ್ಲ.

ಭಾನುವಾರ ಬೆಳಿಗ್ಗೆ ಎಲೆ ಬಿಚ್ಚಿ ನೋಡಿದರೆ ಮೂವರಿಗೆ ಸ್ವಲ್ಪ ಕಡಿಮೆ ಅನ್ನಿಸಿತು. ಹಿತ್ತಿಲ ಬಾಗಿಲು ತೆರೆದೆ. (ನಮ್ಮ ಮನೆ ಅರ್ಗಾದಲ್ಲಿ. ಹಿತ್ತಿಲೆಂದರೆ ಎರಡು ತೆಂಗಿನಮರ, ಉಳಿದದ್ದು ಹುಲ್ಲು.) ಹುಲ್ಲಿನ ನಡುವೆ ಎರಡು ಬಿಳಿ ಅಣಬೆ. ಅದೇ ಕೊಡೆ, ನಡುವೆ ಅದೇ ಕಂದು ಬೊಟ್ಟು. ಹೊನ್ನಕ್ಕನದರ ಪಕ್ಕ ಇಟ್ಟು ನೋಡಿದೆ. ಅಕ್ಕತಂಗಿಯರ ಹಾಗೆ! ಹೆಚ್ಚಿ ಅದರಲ್ಲೇ ಹಾಕಿದೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿತ್ತು?

ಅತ್ತೆ ಅಡುಗೆಮನೆಗೆ ಬಂದು ತಮ್ಮ ಬೆಳ್ಳಿ ನಾಣ್ಯವನ್ನು ಪಾತ್ರೆಗೆ ಹಾಕಿ, ಕಪ್ಪಾಗಲಿಲ್ಲ, ಧೈರ್ಯವಾಗಿ ತಿನ್ನಬಹುದು ಅಂದರು.

ಊಟವಾಗಿ ಎರಡು ಗಂಟೆ ಆಗಿರಲಿಲ್ಲ, ಮೊದಲು ನಮ್ಮವರಿಗೆ ವಾಂತಿ, ಆಮೇಲೆ ನನಗೆ. ಅತ್ತೆಗೆ ಮಾತ್ರ ನಿಲ್ಲಲೇ ಇಲ್ಲ. ಕೈಕಾಲು ತಣ್ಣಗಾದವು. ಎಪ್ಪತ್ತು ದಾಟಿದ ಜೀವ. ಕಾರವಾರಕ್ಕೆ ಹೋಗುವ ದಾರಿಯಲ್ಲಿ ಅವರ ತಲೆ ನನ್ನ ತೊಡೆಯ ಮೇಲೆ. ನನಗೆ ಇದ್ದದ್ದು ಒಂದೇ ಪ್ರಶ್ನೆ: ಹೊನ್ನಕ್ಕನದ್ದೋ, ನನ್ನದೋ?

ಅವರಿಗೆ ಸಲೈನ್ ಹಾಕಿದರು. ಅಣಬೆಯದೇ ಕೆಲಸ, ಆದರೆ ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದರು. ನಮ್ಮವರು ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ವಾಟ್ಸಾಪ್ ತೆರೆದರು. ಅಂಕೋಲೆ ಪೇಟೆಯಲ್ಲಿ ಕೂರುವ ಹಿಲ್ಲೂರಿನ ಹೆಂಗಸಿನ ಹತ್ತಿರ ಯಾರೂ ಅಣಬೆ ತಗೊಳ್ಳಬೇಡಿ, ನಮ್ಮ ತಾಯಿ ಆಸ್ಪತ್ರೆಯಲ್ಲಿದ್ದಾರೆ. ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಗೋಡೆ ನೋಡುತ್ತಾ ಕೂತೆ.

ಮರುದಿನ ಅತ್ತೆ ಮನೆಗೆ ಬಂದರು. ನಾನು ವಸುಧಾಗೆ ಫೋನ್ ಮಾಡಿದೆ. ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಈಗ ಅಣಬೆ, ಬೂಷ್ಟಿನಂಥ ಶಿಲೀಂಧ್ರಗಳೇ ಅವಳ ಸಂಶೋಧನೆ. ಎರಡು ಅಣಬೆ ಒಂದೇ ಹೌದೋ ಅಲ್ಲವೋ ಎಂದು ಗುರುತಿಸುವುದು ಹೇಗೆ? ಎರಡು ನಿಮಿಷದ ಉತ್ತರ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಮುಕ್ಕಾಲು ಗಂಟೆಯ ಉತ್ತರ.

ಬರೀ ನೋಡಿದರೆ ಸಾಲದಂತೆ. ಬುಡ ನೋಡಬೇಕು. ಹುತ್ತದ ಅಣಬೆಗೆ ನೆಲದೊಳಗೆ ಗೆದ್ದಲಿನ ಗೂಡಿನವರೆಗೆ ಇಳಿದ ಬೇರಿನಂಥ ಬಾಲ ಇರುತ್ತದೆ. ಕೊಡೆಯ ಕೆಳಗಿನ ಪದರ ನೋಡಬೇಕು. ಅದರಿಂದ ಉದುರುವ ಪುಡಿಯ ಬಣ್ಣ ನೋಡಬೇಕು. ಆ ಪುಡಿಯ ಕಣಗಳನ್ನು ಮೈಕ್ರೋಸ್ಕೋಪಿನಲ್ಲಿ ಅಳೆಯಬೇಕು. ಅದೂ ಸಾಲದಿದ್ದರೆ ಡಿಎನ್‌ಎ.

"ಡಿಎನ್‌ಎ ನೋಡಿದರೆ ಗ್ಯಾರಂಟಿ ತಾನೆ?" ಅಂದೆ.

ಅದೂ ಪೂರ್ತಿ ಹಾಗಲ್ಲವಂತೆ. ಒಂದೇ ಜಾತಿ ಅಂದುಕೊಂಡದ್ದು ಎಷ್ಟೋ ಸಲ ಮೂರಾಗುತ್ತದೆ. ಬೇರೆ ಬೇರೆ ಹೆಸರಿಟ್ಟ ಎರಡು ಒಂದೇ ಆಗುತ್ತವೆ. ಎಷ್ಟು ವ್ಯತ್ಯಾಸವಿದ್ದರೆ ಬೇರೆ ಜಾತಿ ಎನ್ನಬೇಕು ಎಂದು ಅವರವರಲ್ಲೇ ಜಗಳ. ಹೊನ್ನಕ್ಕನ ಎಲೆಯ ಒಂದೇ ಕಟ್ಟಿನಲ್ಲಿ ಎರಡು ಜಾತಿ ಇದ್ದರೂ ಇರಬಹುದು, ಎರಡನ್ನೂ ತಿನ್ನಬಹುದು, ಅದು ಬೇರೆ ಮಾತು ಅಂದಳು.

ನನ್ನ ತಲೆ ಕೆಟ್ಟಿತು. ವಿಜ್ಞಾನಿಗಳಿಗೇ ಹೀಗಾದರೆ, ಕನ್ನಡ ಸಂಧಿ ಸಮಾಸ ಕಲಿಸುವವಳು ಹಿತ್ತಿಲಲ್ಲಿ ನಿಂತು ತೀರ್ಮಾನ ಮಾಡಿದ್ದು ಯಾವ ಧೈರ್ಯದಿಂದ?

ಮಂಗಳವಾರ ಬೆಳಿಗ್ಗೆ ಹುಲ್ಲಿನಲ್ಲಿ ಅಂಥದ್ದೇ ಇನ್ನೊಂದು ಎದ್ದಿತ್ತು. ಪೂರ್ತಿ ಅರಳಿತ್ತು. ವಸುಧಾ ಹೇಳಿದ ಹಾಗೆ ಕಾಂಡ ಕತ್ತರಿಸಿ, ಕೊಡೆಯನ್ನು ಬಿಳಿ ಹಾಳೆಯ ಮೇಲೆ ಮಗುಚದೆ ಇಟ್ಟು, ಮೇಲೆ ಬಟ್ಟಲು ಮುಚ್ಚಿ ಶಾಲೆಗೆ ಹೋದೆ. ಸಂಜೆ ಬಂದು ಎತ್ತಿದೆ. ಹಾಳೆಯ ಮೇಲೆ ಚಕ್ರದ ಕಡ್ಡಿಗಳ ಹಾಗೆ ಹಸಿರು ಪುಡಿ. ಹುತ್ತದ ಅಣಬೆಯದು ಹಸಿರಿರುವುದಿಲ್ಲ ಎಂದು ಅವಳು ಮೊದಲೇ ಹೇಳಿದ್ದಳು. ಫೋಟೋ ಕಳಿಸಿದೆ.

"ಇದರ ಪೂರ್ತಿ ಹೆಸರು ಹೇಳಲು ನನಗೆ ಲ್ಯಾಬ್ ಬೇಕು," ಅಂದಳು ವಸುಧಾ. "ವಾಂತಿ ಮಾಡಿಸಿದ್ದು ಇದೇ ಅನ್ನಲು ಲ್ಯಾಬ್ ಬೇಡ."

ಅವತ್ತೇ ಮನೆಯಲ್ಲಿ ಹೇಳಿದೆ. ಅತ್ತೆ ತಮ್ಮ ಬೆಳ್ಳಿ ನಾಣ್ಯ ತಂದು ತಿರುಗಿಸಿ ನೋಡಿದರು. ಆಮೇಲೆ, ನನ್ನ ನಾಣ್ಯವೂ ಸುಳ್ಳು ಹೇಳಿತಲ್ಲ, ನಿನ್ನೊಬ್ಬಳನ್ನೇ ಎಂತ ಬೈಯಲಿ ಅಂದರು. ನಮ್ಮವರು ವಾಟ್ಸಾಪಿನಲ್ಲಿ ತಿದ್ದುಪಡಿ ಹಾಕಿದರು. ಮೊದಲಿನ ಮೆಸೇಜು ಎಷ್ಟು ಗ್ರೂಪುಗಳಿಗೆ ಹೋಗಿತ್ತೋ ಲೆಕ್ಕವಿಲ್ಲ. ತಿದ್ದುಪಡಿಗೆ ಬಂದದ್ದು ಎರಡು ಹೆಬ್ಬೆರಳು.

ಬುಧವಾರ ಪೇಟೆಯಲ್ಲಿ ಹೊನ್ನಕ್ಕನ ಜಾಗ ಖಾಲಿ. ಪಕ್ಕದಲ್ಲಿ ಸೊಪ್ಪು ಮಾರುವವಳು ಹೇಳಿದಳು: ಸೋಮವಾರ ತಂದ ಬುಟ್ಟಿಯನ್ನು ಯಾರೂ ಮುಟ್ಟಲಿಲ್ಲ, ಒಬ್ಬ ಫೋಟೋ ಹೊಡೆದುಕೊಂಡು ಹೋದ, ಬುಟ್ಟಿ ಹೊತ್ತುಕೊಂಡು ವಾಪಸ್ಸು ಹೋದವಳು ಮತ್ತೆ ಬಂದಿಲ್ಲ.

ಮುಂದಿನ ಭಾನುವಾರ ಬಸ್ಸು ಹತ್ತಿ ಹಿಲ್ಲೂರಿಗೆ ಹೋದೆ. ಹೊನ್ನಕ್ಕ ಗದ್ದೆಯ ಅಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಹಸಿರು ಪುಡಿ, ಬೇರು, ಡಿಎನ್‌ಎ, ವಸುಧಾ ಹೇಳಿದ್ದೆಲ್ಲ. ತಪ್ಪಾಯ್ತು ಅಂದದ್ದು ಕೊನೆಯಲ್ಲಿ. (ಮೊದಲು ಹೇಳಬೇಕಾದದ್ದು ಅದನ್ನೇ ಅಲ್ಲವೇ?)

ಅವಳು ಕತ್ತಿ ಕೆಳಗಿಟ್ಟು ಕೇಳಿದಳು. ಬೈಯಲಿಲ್ಲ.

"ನಾ ಅಣಬೆ ನೋಡಿ ಕೀಳೂದಿಲ್ಲ ಅಕ್ಕೋರೆ, ಜಾಗ ನೋಡಿ ಕೀಳೂದು," ಅಂದಳು. "ನಮ್ಮವ್ವಿ ತೋರ್ಸದ ಹುತ್ತ ಬಿಟ್ರೆ ಬೇರೆ ಕಡೆದು ನಂಗೂ ಗೊತ್ತಾಗೂದಿಲ್ಲ. ಗೊತ್ತಾಗದ್ದು ಮುಟ್ಟೂದಿಲ್ಲ."

ಮುಂದಿನ ವಾರ ಪೇಟೆಗೆ ಬಾ, ನಾನೇ ನಿನ್ನ ಪಕ್ಕ ಕೂತು ಎಲ್ಲರಿಗೂ ಹೇಳ್ತೇನೆ ಅಂದೆ. ನೋಡ್ವ ಅಂದಳು. ಆಮೇಲೆ ಕತ್ತಿ ಎತ್ತಿಕೊಳ್ಳುತ್ತಾ ಮೆತ್ತಗೆ ಕೇಳಿದಳು.

"ಡಿಎನ್‌ಎ ಗೀಎನ್‌ಎ ಇರ್ಲಿ. ಎರಡು ಅಣಬೆ ನೀವೇ ಹಾಕದ್ದು ನಿಮ್ಗೆ ಆವತ್ತೇ ಗೊತ್ತಿತ್ತಲ್ಲ, ಆಸ್ಪತ್ರೇಲಿ ಎಂತಕ್ಕೆ ಹೇಳ್ಲಿಲ್ಲ?"