ಮೂಡಲಗಿ ಬ್ಯಾಸಗಿಗೆ ಹುಕ್ಕೇರಿ ಗಾದಿ

ನನ್ನ ಮದವ್ಯಾಗ ನಮ್ಮಪ್ಪ ಕೊಟ್ಟ ಗಾದಿ ಅಂತಿಂಥಾದ್ದಲ್ಲ. ಪಿಂಜಾರನ್ನ ಮನಿಗೇ ಕರಸಿ, ಹೊಸಾ ಹತ್ತಿ ಹಿಂಜಿಸಿ, ಮೊಳ ದಪ್ಪ ತುಂಬಿಸಿದ್ದ. ನಮ್ಮ ತವರು ಹುಕ್ಕೇರಿ ಥಂಡಿಗೆ ಅದು ಸ್ವರ್ಗ. ಆದ್ರ ನನ್ನ ಕೊಟ್ಟಿದ್ದು ಮೂಡಲಗಿಗೆ! ಬ್ಯಾಸಗಿ ಬಂತು ನೋಡ್ರಿ, ಗಾದಿ ಒಲಿ ಆತು. ಮೈ ಎಷ್ಟು ಒಳಗ ಇಳಿತೈತಿ, ಅಷ್ಟು ಕುದಿಯೋದು. ನಮ್ಮನಿಯವರು ಕಂಬಳಿ ಹೆಗಲಿಗೆ ಹಾಕ್ಕೊಂಡು ಮಾಳಿಗಿ ಏರಿ ಬಯಲಾಗ ಮಲಗಿ ಪಾರಾದ್ರು.

ಅತ್ತಿ ಫರಸಿ ಮ್ಯಾಲ ಕೌದಿ ಹಾಸಿ ಹಾಯಾಗಿ ಗೊರಕಿ ಹೊಡಿಯಾಕಿ. ಹಳೇ ಸೀರಿ ಕೂಡಿಸಿ ಹೊಲಿದ ತೆಳ್ಳನ ಕೌದಿ. ಬೆವರೂ ಹೀರತಿತ್ತು, ಕೆಳಗಿನ ಕಲ್ಲಿನ ತಂಪೂ ಮೈಗೆ ತಾಕತಿತ್ತು. ನನಗ ಹೊಟ್ಟಿಕಿಚ್ಚು. ಆದ್ರ ಕೌದಿ ಕೇಳಿದ್ರ ಅಪ್ಪನ ಗಾದಿಗೆ ಕುಂದು ಹೇಳಿದಂಗ. ಸತ್ರೂ ಕೇಳಂಗಿಲ್ಲ ಅಂತ ಹಲ್ಲು ಕಚ್ಚಿದೆ. "ನಿದ್ದಿ ಬಂತೇನವಾ?" ಅಂತ ಅತ್ತಿ ದಿನಾ ಕೇಳಾಕಿ. "ಭಾಳ ಚಲೋ ಬಂತ್ರಿ" ಅಂತಿದ್ದೆ, ಕೆಂಪು ಕಣ್ಣು ತಿಕ್ಕೋತ.

ಅಂಥಾದ್ರಾಗ ಒಂದಿನ ಅಪ್ಪ ಬಂದ. ಮಾವಿನ ಹಣ್ಣಿನ ಸೀಕರಣಿ ಊಟ ಆತು. ಅತ್ತಿ ತಾನೇ ಗಾದಿ ಎಳದು ಹಾಸಿ, "ಬೀಗರ, ನಿಮ್ಮ ಗಾದಿ ಮ್ಯಾಲ ಒಂದೀಟು ಅಡ್ಡಾಗ್ರಿ" ಅಂದ್ಲು. ಅಪ್ಪ ಮೀಸಿ ತಿರುವಿ ಮಲಗಿದ. ಸ್ವಲ್ಪ ಹೊತ್ತಿಗೇ ಹಂಚಿನ ಮ್ಯಾಲಿನ ರೊಟ್ಟಿ ಹಂಗ ಆಕಡೆ ಈಕಡೆ ಹೊಳ್ಳಾಕ ಹತ್ತಿದ. ಅಂಗಿ ತೊಯ್ದು ತೊಪ್ಪಿ.

"ಯವ್ವಾ," ಅಂದ ಸಣ್ಣ ದನಿಲೆ, "ದಿನಾ ಇದರ ಮ್ಯಾಲೇ ಮಲಗತಿಯೇನು?"

"ಹೂಂ."

"ಹುಚ್ಚೀ! ಯಾಕ?"

"ನೀ ಕೊಟ್ಟದ್ದಲ್ಲೇನಪಾ."

ಅಪ್ಪ ಎದ್ದ. ಅಡಗಿಮನಿ ಬಾಗಲಕ್ಕ ಹೋಗಿ, "ಬೀಗತೇರ, ನಮ್ಮ ಹುಡುಗಿಗೆ ಒಂದು ಕೌದಿ ಕೊಡ್ರಿ. ಗಾದಿ ಚಳಿಗಾಲದ ತನಕ ಅಟ್ಟದ ಮ್ಯಾಲ ಇರಲಿ" ಅಂದ.

ಅತ್ತಿ ಟ್ರಂಕ್ ತಗದು ಹೊಸಾ ಕೌದಿ ತಂದ್ಲು. "ಇಕಿ ಬರೂಕಿಂತ ಮೊದಲ ಹೊಲದಿಟ್ಟೀನ್ರಿ. ತವರಮನಿ ಗಾದಿ ತಗಿಸಿದ್ಲು ಅಂತ ಊರಾಗ ನಾ ಯಾಕ ಅನಿಸ್ಕೊಳ್ಳಲಿ? ಬಾಯಿ ಬಿಟ್ಟು ಕೇಳಲಿ ಅಂತ ಕುಂತಿದ್ದೆ."

ಕುಂತಿದ್ಲಂತ! ನಾ ಬೇಯಾಕತ್ತಿದ್ದೆ, ಇಕಿ ಕುಂತಿದ್ಲು! ಸಿಟ್ಟು ನೆತ್ತಿಗೇರಿತು. ಕೌದಿ ಕಸ್ಕೊಂಡು ಫರಸಿ ಮ್ಯಾಲ ಝಾಡಿಸಿ ಹಾಸಿ, ಸುಮ್ನ ನೋಡೂಣು ಅಂತ ಉರುಳಿದೆ.

ಕಣ್ಣು ಬಿಟ್ಟಾಗ ದೀಪ ಹಚ್ಚಿದ್ರು. ಅತ್ತಿ ರೊಟ್ಟಿ ಬಡಿಯಾಕತ್ತಿದ್ಲು. ಅಪ್ಪ ಇರಲಿಲ್ಲ.

"ಯಾಕ ಎಬ್ಬಿಸಲಿಲ್ರಿ?" ಅಂತ ಅಳಾಕ ಹತ್ತಿದೆ.

"ನಾ ಎಬ್ಬಸಾಕ ಬಂದಿದ್ದೆ, ನಿಮ್ಮಪ್ಪಾರು ಬ್ಯಾಡಂತ ಕೈ ಮುಗದ್ರು. ಗಾಡಿ ಹೂಡೂತನಕ ನಿನಗ ಗಾಳಿ ಬೀಸಿಕೋತ ಕುಂತಿದ್ರವಾ."