ಇಲೋನಾ ನೇನಿಯ ಓಣಿಯಲ್ಲಿ

ಹಂಗೇರಿ ದೇಶದಲ್ಲಿ ನನಗೆ ಅರ್ಥವಾದ ಮೊದಲ ಮಾತು 'ಕಾಲಿ'. ಬಸ್ಸಿನಿಂದ ಇಳಿದು, ಹಿಮದ ಮೇಲೆ ಕಾಲೂರಲು ಬಾರದೆ ಯಜಮಾನರ ತೋಳು ಹಿಡಿದು ನಿಂತಿದ್ದೆ. ಮೂಲೆಮನೆಯಿಂದ ತಲೆಗೆ ವಸ್ತ್ರ ಕಟ್ಟಿದ ಮುದುಕಿಯೊಬ್ಬಳು ಹೊರಬಂದಳು. ನನ್ನ ಕೈಗವಸು ಎಳೆದು ತೆಗೆದಳು. ತನ್ನ ಮುಂಗೈಯನ್ನು ನನ್ನ ಮುಂಗೈ ಪಕ್ಕಕ್ಕಿಟ್ಟು ನೋಡಿ, "ಕಾಲಿ" ಅಂದಳು.

ಕಪ್ಪು. ಹುಡುಗಿಯಾಗಿದ್ದಾಗ ಸಿಂದಗಿಯ ಬಜಾರದಲ್ಲಿ ಬೆನ್ನ ಹಿಂದೆ ಉರ್ದುವಿನಲ್ಲಿ ಕೇಳಿಸುತ್ತಿದ್ದ ಮಾತೇ ಅದು. ಇಷ್ಟು ದೂರ ಬಂದರೂ ಮೊದಲು ಎದುರಾದದ್ದು ಇದೇ ಎಂದು ಕೈ ಎಳೆದುಕೊಳ್ಳಲು ನೋಡಿದೆ. ಆದರೆ ಮುದುಕಿ ಕೈ ಬಿಡಲಿಲ್ಲ. ತನ್ನ ಎದೆ ಮುಟ್ಟಿಕೊಂಡು ಮತ್ತೆ "ಕಾಲಿ" ಅಂದು, ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಅವಳೇ ಇಲೋನಾ.

ನಾನು ಸಿಂದಗಿ ತಾಲ್ಲೂಕಿನ ಹಳ್ಳಿಗಳಲ್ಲಿ ನರ್ಸಬಾಯಿಯಾಗಿ ದುಡಿದವಳು. ನಮ್ಮವರು ಯಂಕಂಚಿಯವರು, ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರಾಗಿದ್ದರು. ನಮ್ಮಿಬ್ಬರ ತಂದೆಯರೂ ಬುದ್ಧನ ಹಾದಿ ಹಿಡಿದವರು. ಇಬ್ಬರಿಗೂ ನಿವೃತ್ತಿಯಾದ ಮೇಲೆ, ಪರದೇಶದಲ್ಲಿ ಎರಡು ವರ್ಷ ಧಮ್ಮಸೇವೆ ಮಾಡುವ ಹಿರಿಯ ದಂಪತಿಗಳು ಬೇಕೆಂದು ಬೌದ್ಧ ಸಂಘವೊಂದು ಕೇಳಿತು. ಹೋಗಬೇಕಾದದ್ದು ರೋಮಾ ಜನರ ಕೇರಿಗೆ. ಸಾವಿರ ವರ್ಷಗಳ ಹಿಂದೆ ನಮ್ಮ ನಾಡಿನ ಕಡೆಯಿಂದಲೇ ಹೊರಟು ಯುರೋಪು ಸೇರಿದ ಜನ ಅವರು. ಇವತ್ತಿಗೂ ನಮ್ಮ ಕೇರಿಯವರ ಹಾಗೆ ಊರ ಹೊರಗೆ ಬದುಕುತ್ತಾರೆ. ಅಷ್ಟು ಕೇಳಿದ್ದೇ ಮಾಸ್ತರರು, "ನಾವಲ್ದ ಮತ್ತ್ಯಾರು ಹೋಗಬೇಕು?" ಅಂದರು. ಮುದ್ದೇಬಿಹಾಳದಲ್ಲಿರುವ ಮಗಳು ಸುಜಾತಾಗೆ ಸಿಟ್ಟು ಬಂತು. "ಜೀವಮಾನ ಎಲ್ಲಾ ಊರ ಮಂದಿಗಿ ದುಡಿದಿದ್ದು ಸಾಲ್ಲಿಲ್ಲೇನವ್ವ?" ಎಂದು ಕೇಳಿದಳು.

ಧಮ್ಮಸೇವೆ ಎಂದರೆ ಪ್ರವಚನ ಎಂದುಕೊಂಡಿದ್ದೆ. ಬಂದ ಮೇಲೆ ತಿಳಿಯಿತು, ಮೊದಲು ಕಟ್ಟಿಗೆ ಒಡೆಯಬೇಕು. ಒಲೆ ಆರಿದರೆ ಹಾಸಿಗೆಯೊಳಗೂ ಬೆರಳು ಮರಗಟ್ಟುತ್ತವೆ. ನಮ್ಮ ಕಡೆ ಬಿಸಿಲಿಗೆ ಹೆದರಿ ಬಾಗಿಲು ಮುಚ್ಚಿದರೆ ಇಲ್ಲಿ ಗಾಳಿಗೆ ಹೆದರಿ ಮುಚ್ಚುತ್ತಾರೆ. ಬೆಳಿಗ್ಗೆ ಬುದ್ಧವಂದನೆ ಮುಗಿಸಿ ಮಾಸ್ತರರು ಸಂಘದ ಶಾಲೆಗೆ ಹೊರಡುವರು. ಓದು ಬಿಟ್ಟು ಸಂಸಾರಕ್ಕೆ ಬಿದ್ದ ದೊಡ್ಡವರಿಗೆ ಅಲ್ಲಿ ಗಣಿತ ಹೇಳಿಕೊಡುವುದು ಅವರ ಕೆಲಸ. ನಾನು ಮನೆಮನೆ ತಿರುಗಿ ರಕ್ತದೊತ್ತಡ ನೋಡುವೆ, ಗಾಯ ಕಟ್ಟುವೆ. ಸಂಜೆ ಧ್ಯಾನಕ್ಕೆ ಬರುವವರು ನಾಲ್ಕೈದು ಮಂದಿ. ಅವರಲ್ಲೂ ಕೆಲವರು ಒಲೆ ಬೆಚ್ಚಗಿದೆಯೆಂದು ಬಂದವರು. ಯಾರನ್ನೂ ಧರ್ಮ ಬದಲಿಸೆಂದು ನಾವು ಕೇಳಲಿಲ್ಲ.

ಹಂಗೇರಿಯ ಭಾಷೆ ನಾಲಿಗೆಗೆ ಒಗ್ಗಲು ಬಹಳ ಕಾಲ ಹಿಡಿಯಿತು. ಆದರೆ ಅದರಲ್ಲೂ ನಮ್ಮ ಹಾಗೆ ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯುವುದಿಲ್ಲ. ವಯಸ್ಸಾದ ಹೆಂಗಸು 'ನೇನಿ', ಗಂಡಸು 'ಬಾಚಿ'. ಹಾಗೆ ನಾನು ರತ್ನಾ ನೇನಿಯಾದೆ. ಇಲೋನಾ ಮಾತ್ರ ರತ್ನಾ ಎಂದೇ ಕರೆಯುತ್ತಿದ್ದಳು, ನನಗಿಂತ ಹಿರಿಯಳಲ್ಲವೇ. ಅವಳ ಮನೆಯ ಒಲೆಯ ಮೇಲೆ 'ಬೊದಾಗ್' ಎಂಬ ದಪ್ಪ ಗೋದಿ ರೊಟ್ಟಿ ಬೇಯುತ್ತಿತ್ತು. ಅದನ್ನು ಬಡಿಯುವುದಿಲ್ಲ, ಸುಮ್ಮನೆ ಒತ್ತುತ್ತಾರೆ. ಹರಿದು ಕೈಗೆ ಕೊಟ್ಟಾಗ ಮೂಗಿಗೆ ಹಿಡಿದು ಅದರ ಸುಟ್ಟ ವಾಸನೆ ಎಳೆದುಕೊಂಡೆ. ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳದೆ ಆಗಲೇ ತಿಂಗಳುಗಳಾಗಿದ್ದವು. ಇಲೋನಾ ಇನ್ನೊಂದು ತುಂಡು ಕೊಟ್ಟಳು.

ಎರಡನೆಯ ಚಳಿಗಾಲದಲ್ಲಿ ಅವಳಿಗೆ ಕೆಮ್ಮು ಹಿಡಿಯಿತು. ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿದೆ. ಒಳಗೆ ನೀರು ಕುದಿಯುವಂಥ ಸದ್ದು. ಉಗುರು ನೀಲಿಯಾಗಿದ್ದವು. ಪಟ್ಟಣದ ಆಸ್ಪತ್ರೆಗೆ ಹೋಗಲೇಬೇಕೆಂದೆ. ಅವಳು ಗೋಡೆಗೆ ಮುಖ ತಿರುಗಿಸಿದಳು. ಅವಳ ಸೊಸೆ ರೀತಾ ಮಾಸ್ತರರ ವಿದ್ಯಾರ್ಥಿನಿ, ಅತ್ತೆಯ ರೋಮಾ ಮಾತನ್ನು ನನಗೆ ತಿಳಿಯುವಂಥ ಹಂಗೇರಿಯ ಭಾಷೆಯಲ್ಲಿ ಬಿಡಿಸಿ ಹೇಳಿದಳು: "ನಾ ಇಲ್ಲೇ ಸಾಯ್ತೇನಿ ಅಂತಾಳ. ಹಿಂದೊಮ್ಮೆ ಹೆರಿಗಿಗೆ ಹೋದಾಗ ಅಲ್ಲಿ ನಮ್ಮ ಮಂದಿನ ಬ್ಯಾರೆ ಖೋಲಿಯೊಳಗ ಹಾಕಿದ್ರಂತ. ಮತ್ತ ಆ ಬಾಗಲಾ ತುಳಿಯಾಂಗಿಲ್ಲ ಅಂತಾಳ."

ಮಂಚದ ಅಂಚಿಗೆ ಕೂತು, ಯಾರಿಗೂ ಹೇಳದ ಒಂದು ಸಂಗತಿ ಹೇಳಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳ್ಳಿಯ ದೊಡ್ಡ ಮನೆಗೆ ಹೆರಿಗೆಗೆ ಕರೆದಿದ್ದರು. ಕೂಸು ಅಡ್ಡ ತಿರುಗಿತ್ತು. ತಾಯಿ, ಮಗು ಇಬ್ಬರೂ ಉಳಿದರು. ಕೈ ತೊಳೆದು ಕುಡಿಯಲು ನೀರು ಕೇಳಿದಾಗ ಮನೆಯ ಹಿರಿಯಳು ನನ್ನನ್ನು ಹಿತ್ತಲಿಗೆ ಕರೆದೊಯ್ದು ಬೊಗಸೆ ಒಡ್ಡು ಎಂದಳು. ಎತ್ತರದಿಂದ ನೀರು ಹೊಯ್ದಳು. ಅದೇ ಕೈಯಲ್ಲಿ ಅವಳ ಮೊಮ್ಮಗ ಹುಟ್ಟಿದ್ದ.

ರೀತಾ ತನ್ನ ಭಾಷೆಯಲ್ಲಿ ಅದನ್ನು ಅತ್ತೆಗೆ ಹೇಳಿದಳು. ಇಲೋನಾ ನಿಧಾನ ಇತ್ತ ಹೊರಳಿದಳು.

"ಆಮ್ಯಾಲೆ ಆ ಮನಿಗಿ ಹೋದಿಯೇನು?"

"ಹೋದೆ. ಮರುದಿನ ಕೂಸಿನ ಹೊಕ್ಕಳ ನೋಡಬೇಕಿತ್ತು."

ಇಲೋನಾ ರೀತಾಳಿಗೆ ಕೈ ಮಾಡಿ ತನ್ನ ಕೋಟು ತರಲು ಹೇಳಿದಳು.

ಆಸ್ಪತ್ರೆಯಲ್ಲಿ ನಾನೂ ಅವಳ ಜೊತೆ ಒಳಗೆ ಹೋದೆ. ನೀವು ಯಾರೆಂದು ಅಲ್ಲಿಯ ನರ್ಸ್ ಕೇಳಿದಾಗ ಆಮ್ಲಜನಕದ ಕೊಳವೆ ಸರಿಸಿ ಇಲೋನಾಳೇ ಉತ್ತರಿಸಿದಳು: "ತೆಶ್ತ್‌ವೇರ್." ಒಡಹುಟ್ಟಿದವಳು. ಬಿಡಿಸಿದರೆ ಆ ಮಾತಿನಲ್ಲಿ ಮೈ ಒಂದು, ರಕ್ತ ಒಂದು ಇದೆ. ನರ್ಸ್ ನಮ್ಮಿಬ್ಬರ ಮುಖ ನೋಡಿ, ಕುರ್ಚಿ ತಂದಿಟ್ಟಳು.

ಅವಳು ಗುಣವಾಗಿ ಮನೆಗೆ ಬಂದಳು. ಅದೇ ವಾರ ನಾನು ಊರಿಗೆ ಹೊರಡಬೇಕಿತ್ತು. ಸುಜಾತಾಗೆ ದಿನ ತುಂಬಿದ್ದವು, ಬಾಣಂತನಕ್ಕೆ ತಾಯಿಯಲ್ಲದೆ ಯಾರು? ಪರೀಕ್ಷೆ ಹತ್ತಿರವಿದ್ದುದರಿಂದ ಮಾಸ್ತರರು ಉಳಿದರು. "ನೀ ಹೋಗು. ಇಲ್ಲಿ ನಾ ಅದೇನಿ," ಅಂದರು. ಇಲೋನಾ ಕೂಸಿಗೆಂದು ಕೆಂಪು ಉಣ್ಣೆಯ ಟೊಪ್ಪಿಗೆ ಹೆಣೆದು ಕೊಟ್ಟಳು. ಮುದ್ದೇಬಿಹಾಳದ ಬಿಸಿಲಿಗೆ ಅದನ್ನು ಯಾವ ಕೂಸೂ ಹಾಕಿಕೊಳ್ಳದು. ಹಾಗೆಂದು ಹೇಳಲು ಮನಸ್ಸಾಗಲಿಲ್ಲ.

ಹೆಣ್ಣುಕೂಸು ಹುಟ್ಟಿತು. ಎಣ್ಣೆ, ಬಿಸಿನೀರು, ಅಳ್ವಿ ಪಾಯಸ, ಲೋಬಾನದ ಹೊಗೆ. ನನ್ನ ಕೈಗೆ ಎಲ್ಲ ಕೆಲಸ ಮರಳಿ ಬಂತು. ಆ ದಿನಗಳಲ್ಲೇ ಒಂದು ಮಧ್ಯಾಹ್ನ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದಾಗ ಮಾಸ್ತರರ ಫೋನು. ಇಲೋನಾ ನಿದ್ದೆಯಲ್ಲೇ ಹೋಗಿದ್ದಳು. ಅವರು ಮಣ್ಣು ಮಾಡುವ ಹೊತ್ತಿಗೆ ಫೋನನ್ನು ಎತ್ತಿ ಹಿಡಿದು ತೋರಿಸಿದರು. ಕಪ್ಪು ಕೋಟುಗಳು, ಕರಗುವ ಹಿಮ. ರೀತಾ ಪರದೆಯ ಹತ್ತಿರ ಬಂದು ನನ್ನ ಹೆಸರು ಹೇಳಿ ಅತ್ತಳು.

ಬಾಣಂತಿಯನ್ನು ನೋಡಲು ಬಂದಿದ್ದ ಪಕ್ಕದ ಮನೆಯಾಕೆ ಮೆಲ್ಲಗೆ ಹೇಳಿದಳು, "ಬಾಣಂತಿ ಮುಂದ ಕಣ್ಣೀರ ತಗೀಬ್ಯಾಡ್ರಿ ಅಕ್ಕಾರ, ಹೊರಗ ಬರ್ರಿ." ಕೂಸನ್ನು ತೊಟ್ಟಿಲಿಗೆ ಹಾಕಿ ಹಿತ್ತಲಿಗೆ ಹೋದೆ. ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ಒಳಗಿಂದ ಸುಜಾತಾಳ ದನಿ ಬಂತು.

"ಅವ್ವಾ, ಒಳಗ ಬಾ. ಇಲ್ಲೇ ಅಳು."

ಹೋದೆ. ಅವಳ ಮಂಚದ ಮೇಲೆಯೇ ಕೂತು ಅತ್ತೆ. ನಾವು ಹೊರಟಾಗಿನಿಂದ ಅಲ್ಲಿಯ ಒಂದು ಮಾತನ್ನೂ ಕೇಳದಿದ್ದ ನನ್ನ ಮಗಳು ಆವತ್ತು ಕೇಳಿದಳು, "ಆಕಿ ಹ್ಯಾಂಗಿದ್ಲವ್ವ?" ದೀಪ ಹಚ್ಚುವ ಹೊತ್ತಿನವರೆಗೆ ಹೇಳಿದೆ.

ಮೇ ತಿಂಗಳಲ್ಲಿ ನಾನು ಮತ್ತೆ ಹೊರಟೆ. ಸಂಘದವರು ಇನ್ನೊಂದು ವರ್ಷ ಇರಲು ಸಾಧ್ಯವೇ ಎಂದು ಕೇಳಿದ್ದರು. ಮಾಸ್ತರರು ಒಪ್ಪಿದ್ದರು, ನಾನೂ ಒಪ್ಪಿದೆ. ಬಸ್ಸಿನ ಕಿಟಕಿಯ ಹೊರಗಿನಿಂದ ಸುಜಾತಾ ಕೂಸನ್ನು ಎತ್ತಿಕೊಡಲು ಬಂದಾಗ ನಾನು ಇಸಿದುಕೊಳ್ಳಲಿಲ್ಲ. ಇಸಿದುಕೊಂಡಿದ್ದರೆ ಇಳಿದುಬಿಡುತ್ತಿದ್ದೆ.

ನಿನ್ನೆ ಕೂಸು ಮೊದಲ ಸಲ ಮಗುಚಿ ಬೋರಲು ಬಿತ್ತಂತೆ. ಮಗಳು ಫೋನಿನಲ್ಲಿ ಹೇಳಿದ್ದೇ, ಚಪ್ಪಲಿ ಮೆಟ್ಟುವುದನ್ನೂ ಮರೆತು ಓಣಿಗೆ ಓಡಿದೆ. ರೀತಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅವಳ ಎರಡೂ ಕೈ ಹಿಡಿದು, ಬಂದಷ್ಟು ಭಾಷೆಯಲ್ಲಿ ಹೇಳಿದೆ. ಅವಳು ನನ್ನನ್ನು ತಬ್ಬಿ, ಅಕ್ಕಪಕ್ಕದವರನ್ನೂ ಕೂಗಿ ಕರೆದಳು. ಹೆಂಗಸರೆಲ್ಲ ಬಂದು ಕೂಸಿನ ಹೆಸರು ಹೇಳಿ ಹೇಳಿ ನಕ್ಕರು. ನಾನೂ ನಕ್ಕೆ. ನಗುತ್ತಿದ್ದಾಗಲೇ, ಅದು ಬೋರಲು ಬಿದ್ದಾಗ ಹೊರಳಿಸಿ ಮಲಗಿಸಲು ನಾನು ಅಲ್ಲಿರಲಿಲ್ಲ ಎಂಬುದು ತಿಳಿಯಿತು.